ಪೊರಕೆ ಕೆಳಗಿಟ್ಟ ಮಧ್ಯಾಹ್ನ

ಅಪ್ಪ ಚಂದ್ರಮೌಳಿಯ ಡಿಯರ್‌ಬಾರ್ನ್ ಕಾರು ಕಾರ್ಖಾನೆಯ ಕೆಲಸ ಹೋದ ವರ್ಷವೇ ಸುಹಾಸಿನಿ ಕಾಲೇಜು ಬಿಟ್ಟು ಅಮೆರಿಕದ ವಾಯುಪಡೆ ಸೇರಿದಳು. ಅವಳು ನಾರ್ತ್‌ವಿಲ್‌ನ ಮನೆಯಿಂದ ಯುದ್ಧಕ್ಕೆ ಹೊರಟ ದಿನ ಅಮ್ಮ ಅನಸೂಯ ವ್ಯಾಕ್ಯೂಮನ್ನು ಮೂಲೆಗೆ ತಳ್ಳಿದಳು. ಹೊರಟವರು ಕ್ಷೇಮವಾಗಿ ತಲುಪುವ ತನಕ ಮನೆ ಗುಡಿಸಬಾರದು ಎಂದಳು. ಸುಹಾಸಿನಿ ನಕ್ಕಿದ್ದಳು.

ಅಫ್ಘಾನಿಸ್ತಾನದಲ್ಲಿ ಅವಳ ಪಾಲಿಗೆ ಬಂದದ್ದು ಗುಡಿಸುವ ಕೆಲಸವೇ. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಮೊದಮೊದಲು ಸಿಟ್ಟೂ ಬಂದಿತ್ತು. ಆದರೆ ವಿಮಾನ ಬಂದು ನಿಲ್ಲುವ ಕಾಂಕ್ರೀಟ್ ಅಂಗಳದಿಂದ ಒಂದು ಕಲ್ಲಿನ ಹರಳು ಎಂಜಿನ್ ಹೊಕ್ಕರೂ ಸಾಕು, ಎಂಜಿನ್ ಕಥೆ ಮುಗಿಯಿತು.

ಆ ಮಧ್ಯಾಹ್ನ ಗಾಯಾಳುಗಳನ್ನು ತರಲು ಹೋದ ವಿಮಾನ ಹೊತ್ತು ಮೀರಿದರೂ ಬರಲಿಲ್ಲ. ರೇಡಿಯೋ ಸುಮ್ಮನಾಗಿತ್ತು. ಬಿರುಗಾಳಿಗೆ ಅಂಗಳದ ತುಂಬ ಹರಳು.

"ಬೇಗ ಗುಡಿಸು," ಎಂದ ಸಾರ್ಜೆಂಟ್.

ಗುಡಿಸದಿದ್ದರೆ ವಿಮಾನಕ್ಕೆ ಅಪಾಯ. ಗುಡಿಸೋಣವೆಂದರೆ ಹೋದವರು ಇನ್ನೂ ತಲುಪಿಲ್ಲ. ನಕ್ಕು ಮರೆತಿದ್ದ ಅಮ್ಮನ ಮಾತು ಈಗ ಕೈ ಹಿಡಿದು ನಿಲ್ಲಿಸಿತು. ಅವಳು ಪೊರಕೆ ಕೆಳಗಿಟ್ಟು, ಸುಡುವ ನೆಲದ ಮೇಲೆ ಮಂಡಿಯೂರಿ ಒಂದೊಂದೇ ಹರಳು ಆರಿಸತೊಡಗಿದಳು. ಸಾರ್ಜೆಂಟ್ ಬೈದ. ಅವಳು ತಲೆ ಎತ್ತಲಿಲ್ಲ. ಕೊನೆಗೆ ಅವನೂ ಬಗ್ಗಿದ. ಜೇಬು ಭಾರವಾಗಿ ಜಗ್ಗುವ ಹೊತ್ತಿಗೆ ಬೆಟ್ಟದ ಆಚೆಯಿಂದ ಸದ್ದು ಕೇಳಿಸಿತು. ವಿಮಾನ ಇಳಿಯಿತು.

ಭಾನುವಾರ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದಳು. "ನಗಬೇಡಮ್ಮ."

ಅನಸೂಯ ನಗಲಿಲ್ಲ.

"ಒಂದೇ ಸಲ ಅಷ್ಟು ಬಗ್ಗಬೇಡ ಕಣೇ, ಸೊಂಟ ಹಿಡ್ಕೊಳ್ಳತ್ತೆ. ನೀನಿನ್ನೂ ಮನೆ ತಲುಪಿಲ್ವಲ್ಲ, ಹೊರಟಾಗಿಂದ ಕಾರ್ಪೆಟ್ ಮೇಲಿನ ಕಸಾನ ನಾನು ದಿನಕ್ಕೊಂದು ರೂಮು ಅಂತ ಆರಿಸ್ತಿದೀನಿ."