ಡಾಕ್ಟರಿಗೆ ಹೇಳದ ಉಣುಗು

ಸುಶೀಲತ್ತೆ ನಮ್ಮ ಪಕ್ಕದ ಫ್ಲ್ಯಾಟಿನವರು. ಊರು ಕಾಸರಗೋಡು, ಗಂಡ ಪರಮೇಶ್ವರ ಮಾವನ ಬ್ಯಾಂಕ್ ಕೆಲಸಕ್ಕಾಗಿ ಸುತ್ತಲೂ ಮಲಯಾಳವೇ ಇರುವ ಈ ವೈಟ್ಟಿಲಕ್ಕೆ ಬಂದು ಹನ್ನೊಂದು ವರ್ಷವಾಯಿತು. ಮನೆ ಏಳನೇ ಮಹಡಿಯಲ್ಲಿ. ಮಾವ ಬ್ಯಾಂಕಿಗೂ ಮಗಳು ನವ್ಯಾ ಕಾಲೇಜಿಗೂ ನಾವು ಕೆಲಸಕ್ಕೂ ಹೋದ ಮೇಲೆ ಅತ್ತೆಗೆ ಕನ್ನಡದಲ್ಲಿ ಮಾತಾಡಲು ಉಳಿಯುವುದು ನಾಯಿ ಕುಟ್ಟಿ ಮಾತ್ರ. ದಿನಕ್ಕೆರಡು ಸಲ ಅವರು ಕೆಳಗಿಳಿಯುವುದೂ ಅದರ ನೆಪದಲ್ಲೇ.

ಜೂನ್‌ನಲ್ಲಿ ಫ್ಲ್ಯಾಟಿನ ಸಂಘದವರು ನೋಟೀಸು ಅಂಟಿಸಿದರು. ಲಿಫ್ಟಿನಲ್ಲಿ ನಾಯಿಯ ರಕ್ತ ಹೀರುವ ಉಣುಗು ಸಿಕ್ಕಿದೆ, ಯಾವ ನಾಯಿಯ ಮೈಮೇಲೆ ಉಣುಗು ಕಂಡರೂ ಆ ನಾಯಿ ಇಲ್ಲಿ ಇರುವಂತಿಲ್ಲ. ಅಂದಿನಿಂದ ಅತ್ತೆ ಬಚ್ಚಲಿನ ಬಾಗಿಲು ಹಾಕಿಕೊಂಡು ಕುಟ್ಟಿಯ ಕಿವಿ, ಬೆರಳ ಸಂದು ಹುಡುಕತೊಡಗಿದರು. ಸಿಕ್ಕಿದ್ದನ್ನು ಊರಿನ ರೂಢಿಯಂತೆ ಎರಡು ಹೆಬ್ಬೆರಳ ಉಗುರುಗಳ ನಡುವೆ ಒಡೆಯುತ್ತಿದ್ದರು. ಪಶುವೈದ್ಯರ ಹತ್ತಿರ ಹೋಗಲಿಲ್ಲ. ದಾರಿಯಲ್ಲಿ ಯಾರಾದರೂ ಯಾಕೆ ಎಂದು ಕೇಳಿದರೆ?

ಆಮೇಲೆ ಅತ್ತೆಗೆ ಜ್ವರ ಬಂತು. "ಚೇಚಿ, ಹುಳ ಏನಾದರೂ ಕಚ್ಚಿತ್ತಾ?" ಎಂದರು ಡಾಕ್ಟರ್, ಮಲಯಾಳದ ರೂಢಿಯಂತೆ ಅಕ್ಕ ಎಂದು ಕರೆದು. ಸಂಘದ ಕಾರ್ಯದರ್ಶಿ ಚಂದ್ರಾವತಿ ತಮ್ಮ ಸರದಿಗೆ ಕಾಯುತ್ತ ಕ್ಲಿನಿಕ್ಕಿನ ಬಾಗಿಲ ಹೊರಗಿನ ಬೆಂಚಿನಲ್ಲೇ ಕೂತಿದ್ದರು.

"ಇಲ್ಲ," ಎಂದರು ಅತ್ತೆ. ಜ್ವರದ ಮಾತ್ರೆ ಮಾತ್ರ ಸಿಕ್ಕಿತು.

ಐದನೇ ದಿನ ಅಂಗೈ ಅಂಗಾಲುಗಳಲ್ಲಿ ಕೆಂಪು ಚುಕ್ಕೆಗಳೆದ್ದವು. ತಲೆನೋವಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕುಟ್ಟಿ ಮಂಚದ ಕೆಳಗೆ ಮಲಗಿತ್ತು.

"ಉಣುಗಿನ ವಿಷಯ ಡಾಕ್ಟರಿಗೆ ಹೇಳಮ್ಮಾ," ಎಂದಳು ನವ್ಯಾ, ಮಲಯಾಳದಲ್ಲಿ.

"ಹೇಳಿದ್ರೆ ಇದನ್ನು ಕೊಂಡೋಗ್ತಾರೆ."

"ಹೇಳದಿದ್ರೆ ನಿನ್ನನ್ನೇ ಕೊಂಡೋಗ್ತಾರೆ. ಆಮೇಲೆ ನಿನ್ನ ನಾಯಿಯನ್ನು ನಾನಂತೂ ನೋಡ್ಕೊಳ್ಳಲ್ಲ!"

ಅಂದೇ ಅತ್ತೆ ಡಾಕ್ಟರಿಗೆ ಎಲ್ಲ ಹೇಳಿದರು. ಮೊಣಕಾಲ ಹಿಂದೆ ಉಣುಗು ಕಚ್ಚಿ ಕಪ್ಪು ಹಕ್ಕಳೆ ಕಟ್ಟಿದ ಗುರುತು ಸಿಕ್ಕಿತು. ರಕ್ತದ ವರದಿಗೆ ಕಾಯದೆ ಔಷಧಿ ಶುರುವಾಯಿತು.

"ರೋಗ ತರೋದು ನಾಯಿಯಲ್ಲ ಚೇಚಿ, ಉಣುಗು. ಅದು ಕಚ್ಚಿದರೂ ಬರುತ್ತೆ, ಒಡೆದಾಗ ರಸ ಗಾಯಕ್ಕೆ ತಾಗಿದರೂ ಬರಬಹುದು. ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೀರಿ. ಸೀಮೆಎಣ್ಣೆ, ಬೆಂಕಿ ಬೇಡ. ಸೋಪು ಹಾಕಿ ಕೈ ತೊಳೀರಿ. ನಾಯಿಗೆ ಪಶುವೈದ್ಯರ ಔಷಧಿ ಹಾಕಿಸಿ. ಗೋಡೆಯ ಬಿರುಕಲ್ಲೂ ಮೊಟ್ಟೆ ಇರುತ್ತೆ, ಅದನ್ನೂ ನೋಡಿ."

ಜ್ವರ ಇಳಿದ ಮೇಲೆ ಅತ್ತೆ ತಾವೇ ಚಂದ್ರಾವತಿಯ ಮನೆಗೆ ಹೋಗಿ ಉಣುಗಿನ ವಿಷಯ ಹೇಳಿದರು. ಸಂಘದವರು ಕುಟ್ಟಿಯನ್ನು ಓಡಿಸಲಿಲ್ಲ. ಆದರೆ ಒಂದು ತಿಂಗಳು ಕಳೆದು, ಉಣುಗು ಇಲ್ಲವೆಂಬ ಪಶುವೈದ್ಯರ ಪತ್ರ ಬರುವ ತನಕ ಅದು ಲಿಫ್ಟ್ ಹತ್ತುವಂತಿಲ್ಲ ಎಂದರು.

ಹಾಗಾಗಿ ಅತ್ತೆ ಈಗ ಏಳು ಮಹಡಿಯನ್ನೂ ಅದರ ಜೊತೆ ಮೆಟ್ಟಿಲಲ್ಲೇ ಇಳಿದು ಹತ್ತುತ್ತಾರೆ. ಕಾಲಲ್ಲಿ ಇನ್ನೂ ಶಕ್ತಿಯಿಲ್ಲ. ನಾಲ್ಕನೇ ಮಹಡಿಯ ಮೆಟ್ಟಿಲಲ್ಲಿ ಕೂತು, ಹೋಗಿಬರುವವರ ಎದುರಿಗೇ, ಚಿಮಟ ಹಿಡಿದು ಕುಟ್ಟಿಯ ಕಿವಿ ನೋಡುತ್ತಾರೆ.