ಹಗರೆಯ ವರದಿಯನ್ನು ಕೈಬಿಟ್ಟ ವಿಶಾಲಮ್ಮನವರು

ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕೆಲಸದಲ್ಲಿ ಡಾ. ವಿಶಾಲಮ್ಮನವರಷ್ಟು ನಿಷ್ಠುರರನ್ನು ನಮ್ಮ ಅರಸೀಕೆರೆ ಸೀಮೆಯಲ್ಲಿ ನಾನು ಕಂಡಿಲ್ಲ. ಆರೋಗ್ಯ ತರಬೇತಿ ಕೇಂದ್ರದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅಲ್ಲಿ ಗ್ರಂಥಪಾಲಕನಾಗಿದ್ದ ನಾನು ಅವರನ್ನು ಹೊಗಳಬೇಕಾಗಿದೆ. ಹೊಗಳುತ್ತೇನೆ, ಸಂಕಟವನ್ನು ಮುಚ್ಚಿಟ್ಟು ಹೊಗಳಲಾರೆ.

ಬಿಕ್ಕೋಡಿನ ಆಸ್ಪತ್ರೆಯಿಂದ ಅವರು ೧೯೯೩ರಲ್ಲಿ ವರ್ಗವಾಗಿ ಬಂದರು. ತೊಂಬತ್ತೇಳರಲ್ಲಿ ನನ್ನ ಮಗಳು ನಂದಿತಾ, ಹಗರೆಯ ಗಂಡನ ಮನೆಯಲ್ಲಿ, ಹೆರಿಗೆ ಬೇಗ ಆಗಲೆಂದು ಯಾರೋ ಹಾಕಿದ ಸೂಜಿಯಿಂದ ತೀರಿಕೊಂಡಳು. ಆಗ ಹಾರನಹಳ್ಳಿಯ ನಮ್ಮ ಮನೆಗೆ ಬಂದು, ಅನ್ನ ಮುಟ್ಟದೆ ಕುಳಿತಿದ್ದ ನನ್ನ ಹೆಂಡತಿ ಬೋರಮ್ಮನಿಗೆ ಗಂಜಿ ಕುಡಿಸಿದವರು ಈ ವಿಶಾಲಮ್ಮನವರೇ.

ಮುಂದೆ ಅವರು ಆ ಸೂಜಿಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ತರಿಸಿ, ಜರಡಿ ಹಿಡಿದು, ಒಟ್ಟು ಸಾರವನ್ನು ಪುಸ್ತಕವಾಗಿ ಬರೆಯಲು ಹೊರಟರು. ಲೇಖನಗಳನ್ನು ಕಲೆಹಾಕುವುದು, ಒಂದೇ ಅಧ್ಯಯನ ಎರಡು ಪತ್ರಿಕೆಗಳಲ್ಲಿ ಎರಡು ಹೆಸರಿನಿಂದ ಬಂದಿದ್ದರೆ ಒಂದನ್ನು ತೆಗೆಯುವುದು ನನ್ನ ಪಾಲು. ಪ್ರತಿಯೊಂದನ್ನೂ ಅವರೂ ನಾನೂ ಬೇರೆ ಬೇರೆ ಓದಿ, ಒಬ್ಬರ ತೀರ್ಪು ಇನ್ನೊಬ್ಬರಿಗೆ ತಿಳಿಯದಂತೆ ‘ಇರಲಿ’ ಅಥವಾ ‘ಬೇಡ’ ಎಂದು ಬರೆಯಬೇಕು. ಸೂಜಿ ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರೊಂದಿಗೆ ಹೋಲಿಸದ ಅಧ್ಯಯನ ಬೇಡವೆಂದು ಮೊದಲೇ ನಿಯಮ ಮಾಡಿದ್ದರು. ಆ ನಿಯಮದಂತೆ ಮೊದಲು ಹೊರಗೆ ಹಾಕಿದ್ದು, ಬಿಕ್ಕೋಡಿನಲ್ಲಿ ತಾವೇ ಬರೆದಿದ್ದ ಲೇಖನವನ್ನು.

ಆಮೇಲೆ ಹಗರೆಯ ನರ್ಸೊಬ್ಬರ ವರದಿ ಬಂತು. ಸೂಜಿಯಿಂದ ಸತ್ತ ನಾಲ್ವರು ಹೆಂಗಸರ ವೃತ್ತಾಂತ. ಅವರಲ್ಲಿ ಒಬ್ಬಳು ನಂದಿತಾ.

“ಇದೊಂದನ್ನ ನೀವು ಓದ್ಬೇಡಿ ಕಣ್ರೀ ನಂಜುಂಡಯ್ಯನೋರೇ. ನಮ್ಮ ಕೇಂದ್ರದ ಡಾಕ್ಟರ್ ಲೋಕೇಶ್ ಓದ್ಲಿ” ಎಂದರು ವಿಶಾಲಮ್ಮನವರು.

“ಯಾಕೆ ಮೇಡಂ, ಅಪ್ಪನ ಕಣ್ಣು ಸುಳ್ಳು ಓದುತ್ತಾ?”

“ಕಣ್ಣು ಸರಿಯಾಗೇ ಓದುತ್ತೆ. ಕೈ ‘ಬೇಡ’ ಅಂತ ಬರೆಯೋದಿಲ್ಲ.”

ಅವರೂ ಲೋಕೇಶರೂ ‘ಬೇಡ’ ಎಂದೇ ಬರೆದರು. ಅದರಲ್ಲಿ ಹೋಲಿಕೆಯಿರಲಿಲ್ಲ, ನಿಜ. ವಿಷಯ ತಿಳಿಸಲು ಅವರೇ ನಮ್ಮ ಮನೆಗೆ ಬಂದಾಗ ಬೋರಮ್ಮ ಕೇಳಿದಳು: “ನಿಮ್ ಬುಕ್ಕಿಗೆ ನನ್ ಮಗ್ಳು ಸತ್ತಿದ್ದು ಸಾಲ್ದೇನವ್ವಾ? ಇನ್ನೂ ಎಷ್ಟ್ ಜನ ಸಾಯ್ಬೇಕಾಗಿತ್ತು?” ವಿಶಾಲಮ್ಮನವರು ತಮಗೆ ಕೊಟ್ಟ ಕಾಫಿಯನ್ನು ಕುಡಿಯದೆ ಎದ್ದು ಹೋದರು.

ಸೂಜಿ ಅಪಾಯವೆನ್ನಲು ಸಾಕಷ್ಟು ಆಧಾರ ದೊರೆತಿಲ್ಲವೆಂದು ಪುಸ್ತಕದಲ್ಲಿ ಅಚ್ಚಾಯಿತು. ಹಗರೆಯಲ್ಲಿ ಸೂಜಿ ನಿಲ್ಲಲಿಲ್ಲ. ಬೋರಮ್ಮ ಕಳೆದ ವರ್ಷ ಹೋದಳು. ಕೊನೆಯವರೆಗೂ ಅವರನ್ನು ಕ್ಷಮಿಸಲಿಲ್ಲ. ಅವರು ಮಾಡಿದ್ದು ನ್ಯಾಯವೆಂದು ನಾನು ಬಲ್ಲೆ. ಬಲ್ಲೆನೆಂಬುದರಿಂದ ನೋವು ಇಳಿದಿಲ್ಲ.

ಇನ್ನು ಮುಂದೆ ಅವರು ಹಗರೆಯ ಸುತ್ತ ಮನೆಮನೆಗೆ ಹೋಗಿ, ಸೂಜಿ ಹಾಕಿಸಿಕೊಂಡು ಹೆತ್ತವರನ್ನೂ ಹಾಕಿಸಿಕೊಳ್ಳದೆ ಹೆತ್ತವರನ್ನೂ ವಿಚಾರಿಸಿ, ಅಂದು ಸಿಗದ ಆಧಾರವನ್ನು ತಾವೇ ಕೂಡಿಸುವರಂತೆ. ವರ್ಷಗಟ್ಟಲೆ ಹಿಡಿಯುವ ಕೆಲಸ. ಬೇಲೂರಿನ ಚೆನ್ನಕೇಶವನು ಅವರಿಗೆ ಆಯುಸ್ಸು ಕೊಡಲಿ. ನನ್ನ ನಂದಿತಾಳಿಗೆ ಕೊಡದೆ ಉಳಿಸಿಕೊಂಡದ್ದನ್ನೂ ಸೇರಿಸಿ ಕೊಡಲಿ.