ಮಾಳಿಗೆ ತೆಗೆಯುವ ವಾರದ ಮುಗಿಲು

ನಮ್ಮ ಸಂತೆಕಲ್ಲೂರಿನಲ್ಲಿ ಬೇಸಿಗೆ ಬಂತೆಂದರೆ ಮಾಳಿಗೆ, ಅಂದರೆ ಮನೆಯ ಮಣ್ಣಿನ ಛಾವಣಿ, ತೆಗೆಯುವ ಕೆಲಸ. ಮೇಲಿನ ಹಳೆಯ ಮಣ್ಣನ್ನು ಕೆರೆದು ಇಳಿಸಿ, ಹಳ್ಳದ ದಂಡೆಯಿಂದ ತಂದ ಸವಳು ಮಣ್ಣನ್ನು ಹೊಸದಾಗಿ ಹೊದಿಸಿ ಬಡಿಯಬೇಕು. ಐದಾರು ದಿನ ಹಿಡಿಯುತ್ತದೆ. ಆ ನಡುವೆ ಅಡ್ಡಮಳೆ ಬಿದ್ದರೆ ಒಳಗಿನ ಜೋಳ, ಹಾಸಿಗೆ, ಗೋಡೆ ಎಲ್ಲ ನೀರುಪಾಲು. ಅದಕ್ಕೇ ಸಲಿಕೆ ಹಾಕುವ ಮೊದಲು ಎಲ್ಲರೂ ಪಕೀರಮ್ಮನ ಮನೆಗೆ ಹೋಗಿ ಮುಗಿಲು ಕೇಳುತ್ತಿದ್ದರು.

ಅದು ನಿಜಾಮನ ಕಾಲ. ಲಿಂಗಸೂಗೂರಿನ ಕಚೇರಿಯಲ್ಲಿ ಮಳೆ ಅಳೆಯುವ ಡಬ್ಬಿ ಇದೆ ಎಂದು ಕೇಳಿದ್ದೆವು. ಅದು ಬಿದ್ದ ಮಳೆಯನ್ನು ಹೇಳೀತು. ಬರುವ ಮಳೆಯನ್ನು ಹೇಳುವವಳು ಪಕೀರಮ್ಮ ಒಬ್ಬಳೇ.

ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಪಡುವಣಕ್ಕೆ ಮುಖ ಮಾಡಿ ನಿಲ್ಲುವಳು. ಮೋಡ ಹಿಂಜಿದ ಅರಳೆಯಂತೆ ಎತ್ತರದಲ್ಲಿ ಎಳೆಎಳೆಯಾಗಿದ್ದರೆ ಭಯವಿಲ್ಲ. ಕುರಿ ಹಿಂಡಿನಂತೆ ಹರಡಿದ್ದರೆ ಎರಡು ದಿನ ಕಾಯಬೇಕು. ಮಧ್ಯಾಹ್ನ ಹತ್ತಿ ಪೇರಿಸಿದಂತೆ ಎದ್ದ ಮೋಡ ಸಂಜೆಗೆ ಕರಗಿದರೆ ಸರಿ. ಕರಗದೆ ಬುಡ ಕಪ್ಪಾಗಿ ತಲೆ ಅಗಲವಾಯಿತೋ, ಗಾಳಿ, ಗುಡುಗು, ಆಲಿಕಲ್ಲು. ತೆಳ್ಳನೆಯ ಪರದೆ ಕಟ್ಟಿ ಚಂದ್ರನ ಸುತ್ತ ಬೆಳಕಿನ ಬಳೆ ಕಂಡರೆ ಮೂರು ದಿನದೊಳಗೆ ಮಳೆ.

ಕೇಳಲು ಬಂದವರು ಕಟ್ಟೆಯ ಮೇಲೆ ಕೂತು, ತಂದ ರೊಟ್ಟಿ ಪಲ್ಯ ಕೊಟ್ಟು, ಸೊಸೆಯರ ದೂರು ಹೇಳಿ ಹೋಗುವರು. ವರ್ಷದಲ್ಲಿ ಆ ಮನೆಯಲ್ಲಿ ಮಾತು ಕೇಳಿಸುತ್ತಿದ್ದುದು ಬೇಸಿಗೆಯ ಆ ಒಂದೂವರೆ ತಿಂಗಳು ಮಾತ್ರ.

ಆ ವರ್ಷ ದವನದ ಹುಣ್ಣಿಮೆಗೆ ಮೂರು ದಿನವಿದ್ದಾಗ ಎದುರು ಮನೆಯ ಚಾಂದ್‌ಬೀ ಬಂದಳು. ಅವಳ ಮಗಳು ಮೆಹಬೂಬ್‌ಬೀ ಹೆರಿಗೆಗೆಂದು ತವರಿಗೆ ಬಂದಿದ್ದಳು, ದಿನ ತುಂಬಿದ್ದವು. ಹೆರಿಗೆಗೆ ಗೊತ್ತುಮಾಡಿದ ಕೋಣೆಯೇ ಹಿಂದಿನ ವರ್ಷ ಸೋರಿತ್ತು.

"ಏನವ್ವಾ ಪಕೀರಮ್ಮಕ್ಕಾ, ಏನಂತೈತಿ ನಿನ್ನ ಮುಗಿಲು? ಮಸ್ಕಿಯಿಂದ ಆಳು ಬಂದು ಕುಂತಾರ. ನನ್ನ ರೊಟ್ಟಿ ತಿಂದು ತಿಂದು ದಪ್ಪ ಆಗಾಕತ್ತಾರ."

"ಮುಗಿಲು ನಿನ್ನಂಗ ಬಾಯಿಬಡಕಿ ಅಲ್ಲ ಬೇ, ಕೇಳಿದ ಕೂಡ್ಲೇ ಹೇಳಾಕ. ಸಂಜಿ ನೋಡ್ತೀನಿ, ತಡಿ."

ಸಂಜೆ ಚಂದ್ರನ ಸುತ್ತ ಬಳೆ ಕಂಡಿತು. ಪಕೀರಮ್ಮ ತಡೆಯಿರಿ ಎಂದಳು. ಮೂರು ದಿನ ಕಳೆಯಿತು, ಹನಿ ಬೀಳಲಿಲ್ಲ. ಹುಣ್ಣಿಮೆಯ ಸಂಜೆ ಮತ್ತೆ ಅದೇ ಬಳೆ.

"ನನಗ ಯಾವ ಬಳಿನೂ ಕಾಣವಲ್ದಲ್ಲಕ್ಕಾ," ಎಂದಳು ಚಾಂದ್‌ಬೀ.

"ನಿನಗ ಹಿಟ್ಟಿನ್ಯಾಗಿನ ಹುಳಾನ ಕಾಣಂಗಿಲ್ಲ, ಮುಗಿಲಾಗಿಂದು ಏನು ಕಂಡೀತು?"

ಚಾಂದ್‌ಬೀ ನಗಲಿಲ್ಲ. "ನಾಳೆ ಕೆಲಸ ಕೊಡದಿದ್ರ ಆಳು ಸಿಂಧನೂರ ಕಡೆ ಹೋಗ್ತಾರಂತ. ಆಮ್ಯಾಲೆ ಸಿಗಂಗಿಲ್ಲ," ಎಂದು ಎದ್ದು ಹೋದಳು.

ಪಕೀರಮ್ಮ ಒಳಗೆ ಬಂದು ದೇವರ ಗೂಡಿನಲ್ಲಿ ದೀಪ ಹಚ್ಚಿದಳು. ಕುಡಿಯ ಸುತ್ತಲೂ ದುಂಡನೆಯ ಬಳೆ. ಬತ್ತಿ ಬದಲಿಸಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಒಂದೊಂದೇ ಕಣ್ಣು ಮುಚ್ಚಿ ನೋಡಿದಳು. ಬಳೆ ಹೋಗಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಒಂದಿಲ್ಲೊಂದು ದಿನ ಮಳೆ ಬಂದೇ ಬರುತ್ತದೆ, ಪಕೀರಮ್ಮ ಹೇಳಿದ್ದಳಲ್ಲ ಎನ್ನುತ್ತಾರೆ. ಹೇಳಿಬಿಟ್ಟರೆ ನಾಳೆಯಿಂದ ಈ ಮನೆಗೆ ಯಾರು ಬರುತ್ತಾರೆ? ಅದೊಂದೇ ಯೋಚನೆ ಎಂದು ಅವಳೇ ಆಮೇಲೆ, ಅದೇ ಓಣಿಯ ಸೊಸೆಯಾದ ನನಗೆ ಹೇಳಿದಳು. "ಅವತ್ತು ಶಿವನ ಹತ್ರ ಏನೂ ಬೇಡಲಿಲ್ಲವ್ವ. ಮಾರಿ ಎತ್ತಿ ನೋಡಾಕೂ ನಾಚಿಕಿ ಬಂತು."

ಬೆಳಿಗ್ಗೆ ಅವಳೇ ಎದುರು ಮನೆಗೆ ಹೋದಳು. ಮಸ್ಕಿಯ ಆಳುಗಳು ಬುತ್ತಿ ಕಟ್ಟಿಕೊಳ್ಳುತ್ತಿದ್ದರು.

"ಚಾಂದ್‌ಬೀ, ಬಳಿ ಮುಗಿಲಾಗ ಇಲ್ಲ, ನನ್ನ ಕಣ್ಣಾಗ ಐತಿ. ದೀಪದ ಸುತ್ತಾನೂ ಕಾಣಾಕತ್ತೈತಿ. ಈಗ ನಾ ಕೇಳಿದ್ದು ನೀ ನೋಡಿ ಹೇಳು. ಪಡುವಣಕ್ಕ ಹೆಂಗೈತಿ?"

ಚಾಂದ್‌ಬೀ ಪಡುವಣಕ್ಕೆ ತಿರುಗಿದಳು. ಆಮೇಲೆ ತಲೆಯೆತ್ತಿ, "ಎಳಿ ಎಳಿ ಐತಿ. ನಮ್ಮ ಮಾವನ ಗಡ್ಡದಂಗ," ಎಂದಳು.

"ಬುಡದಾಗ ಕಪ್ಪು?"

"ಎಲ್ಲೂ ಇಲ್ಲ."

"ಹಂಗಿದ್ರ ಈಗಿಂದೀಗ ಸಲಿಕಿ ಹಾಕಿಸು."

ಐದನೆಯ ದಿನಕ್ಕೆ ಮಾಳಿಗೆ ಮುಗಿಯಿತು. ಎಂಟನೆಯ ದಿನ ಸಂಜೆ ಗುಡುಗಿ ದೊಡ್ಡ ಮಳೆ ಸುರಿಯಿತು. ಕೋಣೆಯಲ್ಲಿ ಒಂದು ಹನಿ ಬೀಳಲಿಲ್ಲ. ಮೆಹಬೂಬ್‌ಬೀ ಅಲ್ಲೇ ಹೆಣ್ಣುಮಗು ಹೆತ್ತಳು. ಪಕೀರಮ್ಮನ ಕಣ್ಣು ಕೆಟ್ಟ ಸುದ್ದಿಯೂ, ಚಾಂದ್‌ಬೀ ಮುಗಿಲು ನೋಡಿದ ಸುದ್ದಿಯೂ ಕೂಡಿಯೇ ಊರು ಸುತ್ತಿದವು.

ಮರುವರ್ಷದ ಬೇಸಿಗೆಯ ಹೊತ್ತಿಗೆ ಪಕೀರಮ್ಮನ ಕಣ್ಣು ಪೂರಾ ಹೋಗಿತ್ತು. ಒಂದು ಮಧ್ಯಾಹ್ನ ನಾನು ಅವಳ ಹತ್ತಿರ ಕೂತಿದ್ದೆ. ಈ ಮಾತೆಲ್ಲ ಹೇಳಿದ್ದು ಆಗಲೇ. ಓಣಿಯಲ್ಲಿ ಹೆಜ್ಜೆಯ ಸಪ್ಪಳವಾಯಿತು. ಪಕೀರಮ್ಮ ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಹೆಜ್ಜೆಗಳು ಆಚೆಗೆ ತಿರುಗಿದವು. ಎದುರು ಮನೆಯಲ್ಲಿ ಚಾಂದ್‌ಬೀ ಮುಗಿಲು ಕೇಳಲು ಬಂದವರಿಗೆ "ಬರ್ರಿ, ಕುಂದರ್ರಿ" ಎನ್ನುವುದು ಕೇಳಿಸಿತು, ಆಮೇಲೆ ನಗು.

ನಾನು ಏಳಲು ಹೋದೆ. ಅವಳು ಕೈಯಾಡಿಸಿ ನನ್ನ ಮೊಣಕೈ ಹುಡುಕಿ ಹಿಡಿದಳು.

"ಇನ್ನಷ್ಟು ಹೊತ್ತು ಕುಂದ್ರವ್ವ. ನಿಮ್ಮ ಅತ್ತಿ ಏನಂತಾಳ, ಅದನ್ನಾರ ಹೇಳು."

ಬಿಸಿಲು ಇಳಿಯುವವರೆಗೂ ಹೇಳಿದೆ.